ಹೊಸ್ತಿಲಿಗೆ ಮುಳ್ಳು

"ಕೂತ್ಕೊಬೇಡಿ ನಮ್ಮನೇಲಿ. ನಿಂತೇ ಕೇಳಿ, ನಿಂತೇ ಹೋಗಿ."

ಕರಿಬಸಮ್ಮ ಚಾಪೆಯನ್ನು ಕಾಲಿನಿಂದ ಗೋಡೆಯ ಕಡೆಗೆ ತಳ್ಳಿದಳು.

ಸಬ್ ಇನ್ಸ್‌ಪೆಕ್ಟರ್ ಯಶೋಧರಾ ಬಾಗಿಲ ಹತ್ತಿರವೇ ನಿಂತಳು. ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡಳು. ಭದ್ರಾವತಿ ಹಳೇನಗರದ ಆ ಓಣಿಯಲ್ಲಿ ಪೊಲೀಸ್ ಜೀಪು ನಿಂತದ್ದೇ ತಡ, ಕಿಟಕಿಗೊಂದು ತಲೆ ಮೊಳೆತಿತ್ತು. ಎದುರು ಮನೆಯವಳು ಬೆಳಗ್ಗೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು.

ಶನಿವಾರ ಗಾಜನೂರಿನ ಕಾಲುವೆಯಲ್ಲಿ ಸಿಕ್ಕ ಹೆಣ ಈ ಮುದುಕಿಯ ಹಿರಿಮಗ ಕಾಂತರಾಜನದು. ಮೂರು ಸಲ ಶಾಸಕರಾಗಿದ್ದ ಕಲ್ಲುಕಟ್ಟೆ ಓಂಕಾರಗೌಡರ ನೆರಳಿನಂತಿದ್ದ ಪಿ.ಎ. ಅವನು. ಅದೇ ದಿನ ಭದ್ರಾ ಹೊಳೆ ದಂಡೆಯಲ್ಲಿ ಸುಟ್ಟರು. ಸೋಮವಾರ ಹಾಲುತುಪ್ಪ ಬಿಡಲು ಹೊರಟ ಕಿರಿಮಗ ಧರ್ಮೇಂದ್ರನನ್ನು, ತಂಬಿಗೆ ಇನ್ನೂ ಕೈಯಲ್ಲಿರುವಾಗಲೇ, ಅಣ್ಣನನ್ನು ಕೊಂದವನು ನೀನೇ ಎಂದು ಪೊಲೀಸರು ಎಳೆದೊಯ್ದರು.

ಇವತ್ತು ಮಂಗಳವಾರ. ಸಂಜೆಯೊಳಗೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು. ಒಪ್ಪಿಸಿದರೆ ಆಮೇಲೆ ಅವನನ್ನು ಬಿಡಿಸುವ ಕೈ ಈ ಜಿಲ್ಲೆಯಲ್ಲಿ ಇರಲಿಲ್ಲ.

"ಹಾಲು ಚೆಲ್ಲಿಬಿಟ್ರು," ಎಂದಳು ಕರಿಬಸಮ್ಮ. "ಸತ್ತೋನ ಬಾಯಿಗೆ ಹೋಗೋ ಹಾಲು. ದಾರೀಲಿ ಚೆಲ್ಲಿ ನಾಯಿ ನೆಕ್ತು. ಅದನ್ನೂ ಬರ್ಕೊಳ್ಳಿ ನಿಮ್ಮ ಕಾಗದದಲ್ಲಿ."

"ನಾನು ಎಳೆಸಿದ್ದಲ್ಲ ಕರಿಬಸಮ್ಮ."

"ಖಾಕಿ ಎಲ್ಲ ಒಂದೇ ಥಾನಿನ ಬಟ್ಟೆ."

ಯಶೋಧರಾ ಕಿಸೆಯಿಂದ ಪುಸ್ತಕ ತೆಗೆದಳು. ಆ ಮಾತಿಗೆ ಉತ್ತರವಿದ್ದಿದ್ದರೆ ಅವಳಿಗೆ ಹಿಂದಿನ ರಾತ್ರಿ ನಿದ್ದೆ ಬರುತ್ತಿತ್ತು.

"ಧರ್ಮೇಂದ್ರ ಅಣ್ಣನಿಗೆ 'ಕೊಂದುಹಾಕ್ತೀನಿ' ಅಂದಿದ್ದನ್ನ ಓಣಿಯೆಲ್ಲ ಕೇಳಿದೆ ಅಂತ..."

"ಅಂದ. 'ಆ ಮನೆ ಚಾಕರಿ ಬಿಟ್ಟು ಬಾ, ಇಲ್ದಿದ್ರೆ ನಾನೇ ಕೊಂದುಹಾಕ್ತೀನಿ' ಅಂದ. ಅಲ್ಲ, ನಮ್ಮ ಬೀದೀಲಿ ಅದು ಸುಪ್ರಭಾತ ಕಣ್ರೀ! ನಾನು ಈ ಇಬ್ಬರಿಗೂ ದಿನಾ ಅಂತಿದ್ದೆ. ಹಂಗಾದ್ರೆ ನನ್ನೂ ಹಿಡ್ಕೊಂಡು ಹೋಗಿ. ಬನ್ನಿ, ಸೀರೆ ಉಟ್ಕೊಂಡೇ ಇದೀನಿ."

ಹೊರಗೆ ಪೊರಕೆಯ ಸದ್ದು ನಿಂತಿತು. ಯಶೋಧರಾ ಹಿಂತಿರುಗಿ ನೋಡಿದಳು. ಪೊರಕೆ ಮತ್ತೆ ಶುರುವಾಯಿತು.

"ಹೆಣ ಕಾಂತರಾಜನದೇ ಅಂತ ಗುರುತು ಹಿಡಿದವರು ಯಾರು?"

"ನಾನೇ. ಇನ್ಯಾರು? ಅವನಿಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಗೌಡ್ರೇ ಹೆಂಡ್ತಿ, ಗೌಡ್ರೇ ಮಕ್ಕಳು." ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು, ಒರೆಸಿಕೊಂಡಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ಮುಖ ಎಲ್ಲಿತ್ತು ಗುರುತು ಹಿಡಿಯಕ್ಕೆ? ಮೀನು ಬಿಟ್ಟಿರಲಿಲ್ಲ. ಅಂಗಿ ತೋರಿಸಿದ್ರು. ನೀಲಿ ಪಟ್ಟೆ ಅಂಗಿ. ಆ ಅಂಗಿ ನನ್ನ ಮಗನ ಮೈಮೇಲೆ ನಾನು ಒಂದಿನಾನೂ ನೋಡಿರಲಿಲ್ಲ. ಟೀವೀಲಿ ಗೌಡ್ರ ಮೈಮೇಲೆ ನೋಡಿದ್ದೆ. ಉಟ್ಟು ಬಿಟ್ಟಿದ್ದನ್ನೆಲ್ಲ ಇವನಿಗೇ ಕೊಡೋರಲ್ಲ, ಇದನ್ನೂ ಕೊಟ್ಟಿರ್ತಾರೆ ಅಂತ ಹೂಂ ಅಂದೆ."

ಅದು ನಿಜ. ಕಾಂತರಾಜ ಗೌಡರ ಹಳೇ ಬಟ್ಟೆಯಲ್ಲೇ ಬೆಳೆದವನು. ಅದೇ ಎತ್ತರ, ಅದೇ ಭುಜ. ಹಿಂದಿನಿಂದ ನೋಡಿದವರು ಎಷ್ಟೋ ಸಲ ಅವನಿಗೇ ಕೈ ಮುಗಿದದ್ದುಂಟು. ಧ್ವನಿಯಂತೂ ಕೇಳುವುದೇ ಬೇಡ. ಗೌಡರಿಗೆ ಬೇಸರವಾದಾಗ ಫೋನೆತ್ತಿಕೊಂಡು ಗೌಡರಾಗಿಯೇ ಮಾತಾಡುತ್ತಿದ್ದ. ಅರ್ಧ ಜಿಲ್ಲೆಯ ವರ್ಗಾವಣೆಗಳು ಅವನ ಗಂಟಲಿನಿಂದ ಆದವು ಎಂದು ಬಲ್ಲವರು ನಗುತ್ತಿದ್ದರು.

"ಕೊನೇ ಸಲ ಯಾವಾಗ ಮಾತಾಡಿದ?"

"ಶುಕ್ರವಾರ ಬೆಳಗ್ಗೆ. ರೊಟ್ಟಿ ತಟ್ಟುತಿದ್ದೆ. 'ಅವ್ವ, ಉಂಡ್ಯಾ?' ಅಂದ. ಬೆಳಗ್ಗೇಲೇ ಏನೋ ಉಣ್ಣೋದು ಮಾರಾಯ ಅಂದೆ. ಸುಮ್ನಾದ. ಆಮೇಲೆ 'ಸರಿ ಅವ್ವ, ಸೈರನ್ ಆಯ್ತು' ಅಂತ ಇಟ್ಟ."

"ಸೈರನ್?"

"ಅವರಪ್ಪನ ಚಟ ಅದು. ಕಾರ್ಖಾನೆ ಸೈರನ್ ಆದ್ರೆ ಎಂಥ ಮಾತಿದ್ರೂ ಅರ್ಧಕ್ಕೆ ಬಿಟ್ಟು ಎದ್ದು ಹೋಗೋರು. ಸೈರನ್ನೂ ನಿಂತೋಯ್ತು, ಅವರೂ ಹೋದ್ರು. ಇವನು ಮಾತ್ರ ಫೋನ್ ಇಡುವಾಗೆಲ್ಲ ಅದನ್ನೇ ಅಂತಿದ್ದ. ಧರ್ಮೇಂದ್ರ ಆಡ್ಕೊಂಡು ನಗೋನು."

ಎದುರು ಮನೆಯವಳೂ ಈಗ ಗುಡಿಸುವುದನ್ನು ಬಿಟ್ಟು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು.

ಯಶೋಧರಾ ಹೊರಡಲು ತಿರುಗಿದವಳು ಸುಮ್ಮನೆ ಕೇಳಿದಳು: "ಗೌಡರ ಮನೆಯಿಂದ ಯಾರೂ ಬರಲಿಲ್ವಾ?"

"ಬಂದ್ರು. ಗೌಡ್ರು ಬರಲಿಲ್ಲ, ಮಂಡಿನೋವಿಗೆ ಕೇರಳದಲ್ಲಿ ಎಣ್ಣೆ ಹಚ್ಚಿಸ್ಕೊಳ್ತಿದಾರಂತೆ. ಗೌಡ್ತಿ ಬಂದಿದ್ಲು, ಆ ಪುಷ್ಪಮ್ಮ. ಮಗನ ಜೊತೆ. ಹೆಣದ ಮನೇಲೂ ಆ ಗಣೇಶ ತಲೆ ಮೇಲಿನ ಟೋಪಿ ತೆಗೀಲಿಲ್ಲ. ಮೀಸೆ ಬೇರೆ ಬೋಳಿಸಿದ್ದ. ಬೆಂಗಳೂರು ಫ್ಯಾಷನ್ನು ಇರಬೇಕು."

"ಏನಂದ್ರು ಪುಷ್ಪಮ್ಮ?"

"ನಕ್ಷತ್ರ ಯಾವುದು ಅಂತ ಕೇಳಿದ್ಲು. ಅಂದಾಜು ಶುಕ್ರವಾರ ರಾತ್ರಿ ಹೋಗಿದಾನೆ ಅಂದ್ರಲ್ಲ ಡಾಕ್ಟ್ರು, ಅಶ್ವಿನಿ ಅಂತ ಶಾಸ್ತ್ರದೋರು ಹೇಳಿದ್ರು, ದೋಷ ಇಲ್ಲ ಅಂದೆ. ಗುರುವಾರ ಆಗಿದ್ರೆ ರೇವತಿ, ಪಂಚಕ. ಹೆಣ ಇಳಿಸಿದ ಈ ಬಾಡಿಗೆ ಮನೇನೂ ಬಿಟ್ಟು ಎಲ್ಲಿಗೆ ಹೋಗ್ತಿದ್ದೆ ನಾನು? ಅದಕ್ಕೆ ಅವಳು ನನ್ನ ಕೈ ಹಿಡ್ಕೊಂಡು ಅಂದ್ಲು, 'ನಿಮಗಾದ್ರೂ ಮನೆ ಬಿಡೋ ಕರ್ಮ ಬರಲಿಲ್ಲವಲ್ಲ ಕರಿಬಸಮ್ಮ.' ಅಂದು ಅತ್ತಳು. ಸುಳ್ಳು ಯಾಕೆ ಹೇಳ್ಲಿ, ಆ ಅಳು ಕಳ್ಳ ಅಳು ಅಲ್ಲ."

ಹೊಸ್ತಿಲು ದಾಟಿದ ಯಶೋಧರಾಳ ಕಾಲು ಅಲ್ಲೇ ನಿಂತಿತು.

*

ಶಿವಮೊಗ್ಗದ ದಾರಿಯಲ್ಲಿ ಜೀಪಿನ ಡ್ರೈವರ್ ಪುಟ್ಟಣ್ಣ ಟೀ ಅಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸಿದ. ಒಳಗೆ ನಾಲ್ಕು ಜನ ಒಂದೇ ಫೋನಿನ ಮೇಲೆ ಬಗ್ಗಿದ್ದರು.

"ಮೂರನೇ ಬಲಿ ಸ್ವಾಮಿ ಇದು! ಮೊದಲು ಆ ಅಡಿಗೆಯವನು ಮರದಿಂದ ಬಿದ್ದ. ಆಮೇಲೆ ಆ ಕಂಟ್ರಾಕ್ಟರು ಬೈಪಾಸಲ್ಲಿ ಲಾರಿಗೆ ಸಿಕ್ಕಿದ. ಈಗ ಪಿ.ಎ. ಲೆಕ್ಕ ಹಾಕ್ಕೊಳ್ಳಿ, ಮೂರೂ ಎಲೆಕ್ಷನ್ ಮುಂಚೆ!"

"ಮಂತ್ರವಾದಿ ಇಟ್ಕೊಂಡಿದಾರಂತೆ. ಕಲ್ಲುಕಟ್ಟೆ ಮನೆ ಅಡಿಪಾಯದಲ್ಲೇ ಏನೋ ಇದೆಯಂತೆ."

"ಥೂ, ಅದೆಲ್ಲ ಅಲ್ಲ ಮಾರಾಯ. ಹೆಂಗಸಿನ ವಿಷ್ಯ. ತಮ್ಮನೇ ಕೊಂದಿರೋದು. ನನಗೆ ಒಳಗಿನ ಸುದ್ದಿ ಬಂದಿದೆ."

ಒಳಗಿನ ಸುದ್ದಿ! ಯಶೋಧರಾ ಕೈಯಲ್ಲಿನ ಗ್ಲಾಸನ್ನು ಬೆಂಚಿನ ಮೇಲೆ ಕುಕ್ಕಿದಳು. ಆ ಮಂತ್ರವಾದಿಯ ಮೆಸೇಜು ಎಲ್ಲಿಂದ ಹೊರಟಿತು ಎಂದು ಅವಳು ಭಾನುವಾರವೇ ಹುಡುಕಿ ತೆಗೆದಿದ್ದಳು. ಗಣೇಶ್ ಗೌಡನ ಪ್ರಚಾರದ ಆಫೀಸಿನಿಂದ. ತಮ್ಮ ಮನೆಗೇ ತಾವೇ ದೆವ್ವ ಬಿಟ್ಟುಕೊಂಡಿದ್ದರು.

ಮೊದಲು ಅವಳಿಗೆ ಅದು ಹುಚ್ಚು ಎನಿಸಿತ್ತು. ಈಗ ಎನಿಸುವುದಿಲ್ಲ. ಒಂದು ಸತ್ಯವನ್ನು ಮುಚ್ಚಲು ಒಂದು ಸುಳ್ಳು ಸಾಲದು. ಊರಿಗೆ ಜಗಿಯಲು ಕಥೆ ಬೇಕು. ಬಾಯಿ ತುಂಬ ಕಥೆಯಿದ್ದವನು ಪ್ರಶ್ನೆ ಕೇಳುವುದು ಹೇಗೆ? ಅಡಿಗೆಯವನ ಹೆಂಡತಿ, ಕಂಟ್ರಾಕ್ಟರನ ಮಕ್ಕಳು, ಈಗ ಕರಿಬಸಮ್ಮ. ಅವರ ಗೋಳು ಇವರಿಗೆ ಟೀ ಜೊತೆಗೆ ನೆಂಚಿಕೊಳ್ಳುವ ಖಾರ.

"ಏನಾದ್ರೂ ಗೊತ್ತಿದ್ರೆ ಸ್ಟೇಷನ್ನಿಗೆ ಬಂದು ಹೇಳಿ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಸಹಿ ಹಾಕಿ ಹೇಳಿ."

ನಾಲ್ವರೂ ಖಾಕಿಯನ್ನು ಆಗ ನೋಡಿದರು. ಫೋನು ಜೇಬಿಗಿಳಿಯಿತು. ಒಬ್ಬನಿಗೆ ತಟ್ಟನೆ ಬ್ಯಾಂಕಿನ ಕೆಲಸ ನೆನಪಾಯಿತು.

ಜೀಪು ಹತ್ತಿದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಆದರೆ ಸಿಟ್ಟಿನ ಅಡಿಯಲ್ಲಿ ಒಂದು ಮಾತು ಎಲೆಯಡಿಕೆಯ ಚೂರಿನ ಹಾಗೆ ಹಲ್ಲಿಗೆ ಸಿಕ್ಕಿಕೊಂಡು ಕೂತಿತ್ತು.

"ಪುಟ್ಟಣ್ಣ, 'ನಿಮಗಾದ್ರೂ ಮಗ ಇದ್ದಾನೆ' ಅಂತ ಯಾರು ಅಂತಾರೆ?"

"ಮಗ ಇಲ್ದೋರು ಮೇಡಂ."

"'ನಿಮಗಾದ್ರೂ ಮನೆ ಬಿಡೋ ಕರ್ಮ ಬರಲಿಲ್ಲ' ಅಂತ?"

ಪುಟ್ಟಣ್ಣ ಸ್ಟೇರಿಂಗಿನ ಮೇಲಿನ ಒಂದು ಕೈ ತೆಗೆದು ತಲೆ ಕೆರೆದುಕೊಂಡ. "ಮನೆ ಬಿಟ್ಟೋರು..." ಎಂದವನು ಅರ್ಧಕ್ಕೇ ನಿಲ್ಲಿಸಿ ಅವಳ ಮುಖ ನೋಡಿದ.

"ರೋಡ್ ನೋಡ್ಕೊಂಡು ಓಡ್ಸು. ಗೌಡರ ಮನೆಗೆ ಹೋಗೋಣ, ವಿದ್ಯಾನಗರಕ್ಕೆ."

"ಅಲ್ಲಿ ಯಾರೂ ಇಲ್ವಲ್ಲ ಮೇಡಂ. ಪೇಂಟಿಂಗ್ ನಡೀತಿದೆ ಅಂತ ಎಲ್ರೂ ಗಾಜನೂರು ಫಾರಂಹೌಸಿಗೆ ಹೋಗಿದಾರಲ್ಲ."

"ಅದಕ್ಕೇ ಹೋಗೋಣ ಅಂದಿದ್ದು."

*

ಪೇಂಟು ಇರಲಿಲ್ಲ. ಡಬ್ಬಿ ಇರಲಿಲ್ಲ, ಏಣಿ ಇರಲಿಲ್ಲ, ಬ್ರಷ್ಷು ತೊಳೆದ ಬಣ್ಣದ ನೀರಿನ ಒಂದು ಕಲೆಯೂ ಅಂಗಳದಲ್ಲಿರಲಿಲ್ಲ. ಎರಡಂತಸ್ತಿನ ಆ ಬಿಳಿ ಮನೆ ಕಳೆದ ದೀಪಾವಳಿಗೆ ಬಳಿದ ಬಣ್ಣದಲ್ಲೇ ಹೊಳೆಯುತ್ತಿತ್ತು.

ಕಾವಲುಗಾರ ಬಿಹಾರದ ಕಡೆಯವನು. ಗೇಟು ತೆಗೆಯಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಖಾಕಿಗೆ ಸೋತ.

ಹೆಬ್ಬಾಗಿಲಿಗೆ ಬೀಗ. ಹೊಸ್ತಿಲಿನ ಮೇಲೆ ಅಡ್ಡಡ್ಡ ಎರಡು ಮುಳ್ಳಿನ ಕೊಂಬೆ, ಎಲೆ ಬಾಡಿ ಸುರುಳಿ ಸುತ್ತಿಕೊಂಡಿದ್ದವು.

"ಇದೇನು?"

"ನಾಯಿ ಬರಬಾರದು ಅಂತ, ಅಮ್ಮಾವ್ರು ಇಡ್ಸಿದ್ದು ಮೇಡಂ."

ಯಶೋಧರಾ ಮೊಣಕಾಲೂರಿ ಕೂತಳು. ಮುಟ್ಟಲಿಲ್ಲ. ಜಾಲಿ ಮುಳ್ಳು. ಇಂಥ ಕೊಂಬೆಯನ್ನು ಅವಳು ಮೊದಲು ನೋಡಿದ್ದು ಎಂಟೋ ಒಂಬತ್ತೋ ವರ್ಷದವಳಿದ್ದಾಗ, ಅಜ್ಜ ಸತ್ತ ವಾರ. ಇದ್ದ ಒಂದೇ ಮನೆಗೆ ಮುಳ್ಳು ಬಡಿದು ಇಡೀ ಸಂಸಾರ ಕಣದ ಗುಡಿಸಲಿಗೆ ಹೋಯಿತು. ಎತ್ತು, ಕುಕ್ಕೆ, ಒಲೆ, ಬಾಣಂತಿ ಚಿಕ್ಕಮ್ಮ, ಎಲ್ಲ. ಯಾಕೆ ಎಂದು ಕೇಳಿದರೆ ಅಜ್ಜಿ ಹೇಳಿದ್ದಳು: ಪಂಚಕದಲ್ಲಿ ಹೋದ ಜೀವ ಹೊಸ್ತಿಲು ಬಿಡಲ್ಲ ಕೂಸೇ, ಒಬ್ಬರನ್ನ ಜೊತೆಗೆ ಕರೀತದೆ. ಸತ್ತ ನಕ್ಷತ್ರ ಕೆಟ್ಟದಾದರೆ ಸತ್ತ ಮನೆಯನ್ನು ಬಿಡಬೇಕು. ಹೆಣ ಮಲಗಿದ್ದ ಮನೆಯನ್ನು ಮಾತ್ರ.

ಅವಳು ಎದ್ದು ಮನೆಯ ಸುತ್ತ ನಡೆದಳು. ಅವಸರ ಮಾಡಲಿಲ್ಲ. ಹಿತ್ತಿಲಿನ ಕಡೆ, ಮಲಗುವ ಕೋಣೆಯ ಗೋಡೆಯಲ್ಲಿ, ಕಿಟಕಿಯ ಪಕ್ಕಕ್ಕೆ ಬಾಗಿಲಿನಷ್ಟು ಅಗಲ ಹೊಸ ಸಿಮೆಂಟು. ಇನ್ನೂ ಹಸಿ ಬೂದು ಬಣ್ಣ. ಬುಡದಲ್ಲಿ ಒಡೆದ ಇಟ್ಟಿಗೆಯ ಗುಪ್ಪೆ.

ಪುಟ್ಟಣ್ಣ ಬಾಯಿ ತೆರೆದ. "ಮೇಡಂ... ನಮ್ಮೂರಲ್ಲೂ ಹಂಗೇ. ಪಂಚಕದ ಹೆಣ ಹೆಬ್ಬಾಗಿಲಲ್ಲಿ ತೆಗೆಯಲ್ಲ. ಗೋಡೆ ಒಡೆದು..."

"ಹೂಂ."

"ಅಂದ್ರೆ ಕಾಂತರಾಜನ್ನ ಇಲ್ಲೇ...?"

"ಕಾಂತರಾಜ ಶುಕ್ರವಾರ ಬೆಳಗ್ಗೆ ಅವ್ವನ ಜೊತೆ ಫೋನಲ್ಲಿ ಮಾತಾಡಿದಾನೆ. ಪಂಚಕ ಗುರುವಾರಕ್ಕೇ ಮುಗಿದಿತ್ತು. ಈ ಮುಳ್ಳು ಅವನಿಗಲ್ಲ."

"ಹಂಗಾದ್ರೆ ಈ ಮನೇಲಿ ಸತ್ತಿದ್ದು ಯಾರು?"

ಯಶೋಧರಾಳ ಕಣ್ಣ ಮುಂದೆ ತಲೆಯಿಂದ ಇಳಿಯದ ಒಂದು ಟೋಪಿ ಇತ್ತು. ಬೋಳಿಸಿದ ಒಂದು ಮೀಸೆ ಇತ್ತು. ಅಕ್ಕಪಕ್ಕದ ಮನೆಯವನು ಸತ್ತರೆ ಯಾರೂ ಮೀಸೆ ತೆಗೆಯುವುದಿಲ್ಲ.

ಅವಳಿಗೆ ಮೈಯೆಲ್ಲ ಉರಿಯಿತು. ಪೊಲೀಸರಿಗೆ ಸುಳ್ಳು ಹೇಳಿದ್ದರು, ಪಕ್ಷಕ್ಕೆ, ಪೇಪರಿಗೆ, ಇಡೀ ಜಿಲ್ಲೆಗೆ ಹೇಳಿದ್ದರು. ನಕ್ಷತ್ರಕ್ಕೆ ಮಾತ್ರ ಸುಳ್ಳು ಹೇಳುವ ಎದೆ ಇರಲಿಲ್ಲ. ಇನ್ನೊಬ್ಬಳ ಮಗನನ್ನು ಜೈಲಿಗೆ ತಳ್ಳಲು ನಡುಗದ ಕೈ, ಹೊಸ್ತಿಲ ದೋಷಕ್ಕೆ ನಡುಗಿತ್ತು.

"ಗಾಜನೂರಿಗೆ ಬಿಡು," ಎಂದಳು.

*

ಫಾರಂಹೌಸಿನ ಮುಂದೆ ರಂಗೋಲಿ ಇರಲಿಲ್ಲ. ತುಳಸಿಕಟ್ಟೆಗೆ ನೀರು ಬಿದ್ದು ದಿನಗಳಾಗಿದ್ದವು.

ಪುಷ್ಪಮ್ಮ ಜಗಲಿಯ ಕಂಬಕ್ಕೊರಗಿ ಕೂತಿದ್ದಳು. ಆ ಮನೆಗೆ ಹೋದ ಯಾರೂ ಕಾಫಿ ಕುಡಿಯದೆ ಎದ್ದದ್ದಿಲ್ಲ ಎಂದು ಶಿವಮೊಗ್ಗದಲ್ಲೆಲ್ಲ ಪ್ರತೀತಿ. ವೋಟಿನ ಅರ್ಧ ಆ ಕಾಫಿಯದು ಎನ್ನುತ್ತಿದ್ದರು. ಇವತ್ತು ಅವಳು ಕೂತಲ್ಲಿಂದ ಏಳಲಿಲ್ಲ.

"ಗಣೇಶ ಇಲ್ಲ. ಪೇಟೆಗೆ ಹೋಗಿದಾನೆ."

"ನಾನು ನಿಮ್ಮನ್ನೇ ನೋಡೋಕೆ ಬಂದಿದ್ದು. ಒಂದು ಲೋಟ ನೀರು ಕೊಡ್ತೀರಾ?"

ಪುಷ್ಪಮ್ಮ ಏಳಹೋದಳು. ಮತ್ತೆ ಕೂತಳು. "ಬೇಡಮ್ಮ. ನಮ್ಮನೇಲಿ ಈಗ..."

"ಈಗ?"

"...ಫಿಲ್ಟರ್ ಕೆಟ್ಟಿದೆ."

"ಫಿಲ್ಟರ್ ಕೆಟ್ಟಿದೆಯೋ, ಸೂತಕವೋ?"

ಗೌಡ್ತಿಯ ಮುಖ ಬಿಗಿಯಿತು. ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು, ಆ ಬೆಳಕಿನಲ್ಲಿ ಯಶೋಧರಾ ಅವಳ ಹಣೆ ನೋಡಿದಳು. ಅಲ್ಲಿ ಯಾವಾಗಲೂ ರೂಪಾಯಿಯಗಲ ಕುಂಕುಮ ಇರುತ್ತಿತ್ತು. ಇವತ್ತಿನದು ಅಂಗಡಿಯ ಸ್ಟಿಕ್ಕರ್ ಬೊಟ್ಟು. ಒಂದು ಮೂಲೆ ಎದ್ದಿತ್ತು.

"ಯಾರಿಗೆ ಸೂತಕ? ನಾಲಿಗೆ ಹಿಡಿತದಲ್ಲಿರಲಿ. ನಾನು ಯಾರು ಅಂತ ಗೊತ್ತಿದೆಯಲ್ಲ?"

"ಗೊತ್ತಿದೆ. ವಿದ್ಯಾನಗರದ ಮನೆಗೆ ಹೋಗಿ ಬಂದೆ. ಹೊಸ್ತಿಲ ಮೇಲೆ ಮುಳ್ಳು ನೋಡ್ದೆ."

"ಅದು ನಾಯಿಗೆ."

"ಹಿಂದಿನ ಗೋಡೇನೂ ನಾಯಿಗೇ ಒಡೆದ್ರಾ?"

ಪುಷ್ಪಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಒಳಗೆಲ್ಲೋ ಫ್ರಿಜ್ಜು ಗುಂಯ್ ಎನ್ನುತ್ತಿತ್ತು.

"ಗೌಡ್ರಿಗೆ ಫೋನ್ ಮಾಡ್ಕೊಡಿ," ಎಂದಳು ಯಶೋಧರಾ. "ವಿಡಿಯೋ ಕಾಲ್. ಮುಖ ನೋಡ್ತೀನಿ, ನಮಸ್ಕಾರ ಹೇಳ್ತೀನಿ, ನಿಮ್ಮ ಕಾಲಿಗೆ ಬಿದ್ದು ಎದ್ದು ಹೋಗ್ತೀನಿ."

"ಅಲ್ಲಿ ಸಿಗ್ನಲ್ ಇಲ್ಲ."

"ಅಮ್ಮಾ." ಯಶೋಧರಾಳ ಧ್ವನಿ ಏರಲಿಲ್ಲ, ಆದರೆ ಹರಿತವಾಯಿತು. "ಭದ್ರಾವತಿಯಲ್ಲಿ ಒಬ್ಬಳು ಮುದುಕಿ ಇದ್ದಾಳೆ. ನೀವು ಅವಳ ಕೈ ಹಿಡ್ಕೊಂಡು ಅತ್ತು ಬಂದಿದೀರಿ. ಒಬ್ಬ ಮಗ ಬೂದಿ ಆದ. ಇನ್ನೊಬ್ಬನನ್ನ ಸಂಜೆಗೆ ಕೋರ್ಟಿಗೆ ಹಾಕ್ತಾರೆ. ಅವನು ಏನೂ ಮಾಡಿಲ್ಲ. ಅದು ನಿಮಗೂ ಗೊತ್ತು. ನಿಮ್ಮ ಅಳು ಕಳ್ಳ ಅಳು ಅಲ್ಲ ಅಂತ ಆಯಮ್ಮ ಹೇಳಿದ್ಲು. ಅವಳಿಗೆ ಏನಂತ ಹೇಳ್ಲಿ ನಾನು? ಗೌಡ್ತಿ ಅತ್ತಿದ್ದು ನಿನ್ನ ಮಗನಿಗಲ್ಲ ಅಂತ ಹೇಳ್ಲಾ?"

ಪುಷ್ಪಮ್ಮ ಹಣೆಗೆ ಕೈ ಹಾಕಿದಳು. ಸ್ಟಿಕ್ಕರನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಇದನ್ನ ಅಂಟಿಸ್ಕೋ ಅಂದಿದ್ದು ನನ್ನ ಮಗ," ಎಂದಳು. "'ಟಿಕೆಟ್ ಲಿಸ್ಟ್ ಬರೋವರೆಗೆ ಅಂಟಿಸ್ಕೊಂಡಿರವ್ವ' ಅಂದ. ಗಂಡ ಸತ್ತ ಹೆಂಗಸಿಗೆ!"

"ಯಾವಾಗ ಹೋದ್ರು?"

"ಗುರುವಾರ. ಮಧ್ಯಾಹ್ನ ಮಲಗಿದೋರು ಏಳಲಿಲ್ಲ. ಗಣೇಶನೇ ಮೊದಲು ನೋಡಿದ್ದು. ಹತ್ತು ಜಿಲ್ಲೆ ಜನ ಬರಬೇಕಿತ್ತು ಅವರ ಮಣ್ಣಿಗೆ! 'ಅಪ್ಪ ಇದ್ರೆ ಟಿಕೆಟ್ಟು ನನಗೆ. ಇಲ್ಲ ಅಂದ್ರೆ ನಮ್ಮ ಮುಖ ಯಾರೂ ನೋಡಲ್ಲ' ಅಂದ. ನಾನು ಒಂದೇ ಮಾತಂದೆ. ಊರಿಗೆ ಬೇಕಾದ್ದು ಹೇಳ್ಕೋ. ಶಾಸ್ತ್ರ ಬಿಟ್ರೆ ನಾನು ಆ ಮನೆ ತೊಲೆಗೇ ನೇಣು ಹಾಕ್ಕೋತೀನಿ. ಗೋಡೆ ಒಡ್ಸ್ದ. ಮುಳ್ಳು ಹಾಕ್ಸ್ದ. ತಲೆ ಬೋಳಿಸ್ಕೊಂಡ."

"ಫೋನಲ್ಲಿ ಗೌಡರ ಹಾಗೆ ಮಾತಾಡಿದ್ದು ಕಾಂತರಾಜ?"

"ಇನ್ಯಾರಿಗೆ ಬರುತ್ತೆ ಆ ಧ್ವನಿ? ಶುಕ್ರವಾರ ಇಡೀ ಬೆಂಗಳೂರಿಗೆ ಅವನೇ ಮಾತಾಡ್ದ. ಆಮೇಲೆ ಅಳೋಕೆ ಶುರು ಮಾಡ್ದ. 'ಸತ್ತೋರ ಬಾಯಲ್ಲಿ ಮಾತಾಡಲ್ಲ, ನನ್ನ ಬಿಡಿ' ಅಂದ. ಗಣೇಶ ಅವನನ್ನ ಹಿಂದಿನ ಕೋಣೆಗೆ ಕರ್ಕೊಂಡು ಹೋಗಿದ್ದು ನೋಡ್ದೆ. ಬೆಳಗ್ಗೆ ಕಾಲುವೇಲಿ ಸಿಕ್ಕಿದ ಅಂದ್ರು." ಅವಳು ಸೆರಗನ್ನು ಬಾಯಿಗೆ ಒತ್ತಿದಳು. "ನನ್ನ ಮಗ ಕೊಂದ ಅಂತ ನಾನು ಹೇಳಿಲ್ಲ. ಬರ್ಕೋಬೇಡಿ."

"ಗೌಡರ ಹೆಣ?"

"ಸುಟ್ರು. ಗುರುವಾರ ರಾತ್ರೀನೇ. ನಮ್ಮ ತೋಟದ ಆಚೆ, ಹೊಳೆ ದಂಡೇಲಿ."

"ನೀವು ನೋಡಿದ್ರಾ?"

"ಹೆಂಗಸರು ಮಸಣಕ್ಕೆ ಹೋಗ್ತಾರೇನಮ್ಮಾ? ಯಾವ ಜಾತಿ ನಿಂದು? ಗಣೇಶ ಬಂದು ಸ್ನಾನ ಮಾಡಿ, 'ಮುಗೀತವ್ವ' ಅಂದ. ನಾನು ಬಳೆ ಒಡ್ಕೊಂಡೆ. ಬೆಳಗ್ಗೆ ಅವನೇ ಹೊಸ ಬಳೆ ತಂದ್ಕೊಟ್ಟ."

ಯಶೋಧರಾ ಎದ್ದು ನಿಂತಳು. "ಬನ್ನಿ. ಇಷ್ಟನ್ನೇ ಬಂದು ಹೇಳಿ. ಆ ಹುಡುಗ ಇವತ್ತು ಮನೆಗೆ ಹೋಗ್ತಾನೆ."

"ಹೆತ್ತ ಮಗನ ವಿರುದ್ಧ?"

"ಅವಳೂ ಹೆತ್ತಿದಾಳೆ! ಎರಡು! ಎರಡನ್ನೂ ನೀವೇ ತಿಂದ್ರಿ!"

ಕೂಗಿದ್ದು ತಾನೇ ಎಂದು ಯಶೋಧರಾಳಿಗೆ ಆಮೇಲೆ ತಿಳಿಯಿತು. ಜೀಪಿನ ಪಕ್ಕ ನಿಂತಿದ್ದ ಪುಟ್ಟಣ್ಣ ಬೀಡಿ ಕೆಳಗೆ ಹಾಕಿದ. ಪುಷ್ಪಮ್ಮ ಮಾತ್ರ ಮಿಸುಕಲಿಲ್ಲ, ಅಂಗೈಯಲ್ಲಿನ ಸ್ಟಿಕ್ಕರನ್ನು ಉಗುರಿನಿಂದ ಹರಿಯುತ್ತ ಕೂತಿದ್ದಳು.

ಆಗ ಫೋನು ಬಡಿದುಕೊಂಡಿತು. ಡಿವೈಎಸ್ಪಿ ಷಡಕ್ಷರಪ್ಪ.

ಯಶೋಧರಾ ಒಂದು ಗಳಿಗೆ ಯೋಚಿಸಿ, ಗೌಡ್ತಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು.

"ಎಲ್ಲಿದೀಯಮ್ಮಾ? ವಿದ್ಯಾನಗರದಲ್ಲಿ ಗೋಡೆ ಮೂಸ್ತಿದ್ದೆಯಂತೆ? ಯಾರ ಪರ್ಮಿಷನ್ ತಗೊಂಡೆ?"

"ಸರ್, ಧರ್ಮೇಂದ್ರನ್ನ ಕೋರ್ಟಿಗೆ ಕಳಿಸ್ಬೇಡಿ. ಒಂದೇ ಒಂದು ಗಂಟೆ..."

"ಕಳಿಸಿ ಆಯ್ತು. ವ್ಯಾನ್ ಹತ್ತಿಸಿದೀನಿ. ಗೌಡ್ರೇ ಖುದ್ದಾಗಿ ಫೋನ್ ಮಾಡಿದ್ರು, ಇನ್ನೇನು ಕಾಯೋದು?"

ಪುಷ್ಪಮ್ಮ ಫೋನಿನ ಕಡೆ ಕತ್ತು ಚಾಚಿದಳು.

"ಯಾವ ಗೌಡ್ರು ಸರ್?"

"ಎಷ್ಟು ಜನ ಗೌಡ್ರಿದಾರೆ ನಿನಗೆ? ಓಂಕಾರಗೌಡ್ರು! ಈಗ ತಾನೇ. ಐದು ನಿಮಿಷ ಆಗಿಲ್ಲ."

"ಹಳೇ ರೆಕಾರ್ಡಿಂಗ್ ಏನಾದ್ರೂ..."

"ತಲೆ ಕೆಟ್ಟಿದೆಯಾ? ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ರು. ನನ್ನ ಮಗಳ ಮದುವೆ ವಿಚಾರಿಸಿದ್ರು. ಸ್ವಲ್ಪ ನೆಗಡಿ ಆದ ಹಾಗಿತ್ತು ಗಂಟಲು. 'ಆ ಹುಡುಗನ್ನ ಒಳಗೆ ಹಾಕಿ ಷಡಕ್ಷರಪ್ಪ, ಸರಿ, ಸೈರನ್ ಆಯ್ತು' ಅಂತ ಇಟ್ರು. ಕೇರಳದಲ್ಲಿ ಯಾವ ಸೈರನ್ನೋ ಏನೋ. ನೀನು ಈಗಲೇ ಆಫೀಸಿಗೆ ಬಾ."

ಫೋನು ಕಟ್ಟಾಯಿತು.

ಸೈರನ್ ಆಯ್ತು.

ಕಲ್ಲುಕಟ್ಟೆ ಗೌಡರು ಹುಟ್ಟಿದ್ದು ಗದ್ದೆಯ ಬದುವಿನಲ್ಲಿ, ಬೆಳೆದದ್ದು ವೇದಿಕೆಯ ಮೇಲೆ. ಕಾರ್ಖಾನೆಯ ಗೇಟನ್ನು ಅವರು ನೋಡಿದ್ದೇ ವೋಟು ಕೇಳಲು. ಆ ಮಾತು ಹೇಳಿ ಫೋನ್ ಇಡುವವನು ಲೋಕದಲ್ಲಿ ಒಬ್ಬನೇ ಒಬ್ಬನಿದ್ದ. ಅವನನ್ನು ಶನಿವಾರ ಭದ್ರಾ ದಂಡೆಯಲ್ಲಿ ಸುಟ್ಟಾಗಿತ್ತು. ಅವನ ತಮ್ಮನೇ ಕೊಳ್ಳಿ ಇಟ್ಟಿದ್ದ. ಈಗ ಅದೇ ತಮ್ಮನನ್ನು ಒಳಗೆ ಹಾಕಿ ಎಂದು ಆ ಧ್ವನಿ ಹೇಳಿದೆ. ಯಾರದೋ ಕೈ ಅವನ ಕತ್ತಿನ ಮೇಲಿರುವಾಗ ಹೇಳಿದ್ದೋ, ತಾನಾಗಿ ಹೇಳಿದ್ದೋ. ಬಾಯ್ತಪ್ಪಿ ಬಂದ ಮಾತೋ, ಬೇಕೆಂದೇ ಬಿಟ್ಟ ಗುರುತೋ.

ಆದರೆ ಕಾಂತರಾಜ ಉಸಿರಾಡುತ್ತಿದ್ದರೆ, ಕಾಲುವೆಯಲ್ಲಿ ಸಿಕ್ಕಿದ್ದು...

ಯಶೋಧರಾ ನಿಧಾನವಾಗಿ ಪುಷ್ಪಮ್ಮನ ಕಡೆ ತಿರುಗಿದಳು. ಕೇಳಬಾರದು ಎನಿಸಿತು. ಕೇಳಲೇಬೇಕಿತ್ತು.

"ಅಮ್ಮಾ, ಗುರುವಾರ ಮಲಗಿದಾಗ ಗೌಡ್ರ ಮೈಮೇಲೆ ಯಾವ ಅಂಗಿ ಇತ್ತು?"

"ನೀಲಿ ಪಟ್ಟೆದು." ಪುಷ್ಪಮ್ಮನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. "ಅವರಿಗೆ ಇಷ್ಟದ ಅಂಗಿ ಅದು, ಯಾರಿಗೂ ಕೊಡಬೇಡ ಅನ್ನೋರು. ಅದ್ರಲ್ಲೇ ಸುಡು ಅಂತ ಗಣೇಶನಿಗೆ ನಾನೇ ಹೇಳಿದ್ದೆ. ಯಾಕಮ್ಮ?"

ಮೀನು ತಿಂದ ಆ ಮುಖವನ್ನು ಯಶೋಧರಾ ಕೂಡ ನೋಡಿದ್ದಳು. ಆ ಅಂಗಿಯನ್ನು ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿದ್ದು ಅವಳ ಕೈಯೇ.

ಅವಳ ಮೌನವನ್ನು ಪುಷ್ಪಮ್ಮ ನೋಡಿದಳು. ನೋಡುತ್ತ ನೋಡುತ್ತ ಗೌಡ್ತಿಯ ಮುಖದಲ್ಲಿ ಏನೋ ಕುಸಿಯಿತು. ಶನಿವಾರದ ಹೆಣದ ಫೋಟೋ ಅವಳ ಫೋನಿಗೂ ಬಂದಿದ್ದಿರಬೇಕು, ಊರಿಗೆಲ್ಲ ಬಂದಿತ್ತು. ಮುಖ ಮಸುಕು ಮಾಡಿ, ಅಂಗಿಯನ್ನು ಹಾಗೆಯೇ ಬಿಟ್ಟಿದ್ದರು.

ಗೇಟಿನಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಗಣೇಶ್ ಇಳಿದ. ಪೊಲೀಸ್ ಜೀಪನ್ನು ನೋಡಿ, ಪುಟ್ಟಣ್ಣನನ್ನು ನೋಡಿ, ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡು ಜಗಲಿಯ ಕಡೆ ನಡೆದು ಬಂದ. ಹಿಂದೆ ಗೇಟು ಮುಚ್ಚಿಕೊಂಡಿತು. ಮುಚ್ಚಿದವನು ಅದಕ್ಕೆ ಬೀಗ ಹಾಕಿದ.

"ಒಳಗೆ ಹೋಗವ್ವ," ಎಂದ ಗಣೇಶ್. "ಇವರ ಹತ್ರ ನಾನು ಮಾತಾಡ್ತೀನಿ."

ಪುಷ್ಪಮ್ಮ ಕಂಬ ಹಿಡಿದುಕೊಂಡು ಎದ್ದಳು. ಒಳಗೆ ಹೋಗಲಿಲ್ಲ. ಒಂದೊಂದೇ ಮೆಟ್ಟಿಲಿಳಿದು ಮಗನ ಮುಂದೆ ನಿಂತು, ಅವನ ತಲೆಯ ಮೇಲಿನ ಟೋಪಿಯನ್ನು ಕಿತ್ತು ನೆಲಕ್ಕೆಸೆದಳು. ಬೋಳು ತಲೆ ಬಿಸಿಲಿಗೆ ಹೊಳೆಯಿತು.

"ಗಣೇಶಾ," ಎಂದಳು, "ನಿಮ್ಮಪ್ಪನ್ನ ಎಲ್ಲೋ ಸುಟ್ಟೆ?"